ಪಾಠದ ವಿಡಿಯೊಗಳನ್ನು ಎಲ್ಲಿಡಬೇಕು, ಲಿಂಕ್ ಸೋರದಂತೆ ಹೇಗೆ ಕಾಯಬೇಕು?

ಸೂಜಿದಾರ:

ಎಲ್ಲರಿಗೂ ನಮಸ್ಕಾರ. ಹೊಲಿಗೆ ಕಲಿಸುವ ವಿಡಿಯೊ ಪಾಠಗಳನ್ನು ನಮ್ಮದೇ ವೆಬ್‌ಸೈಟ್ ಮೂಲಕ ಮಾರುತ್ತೇವೆ. 42 ಪಾಠಗಳಿವೆ, ಒಂದೊಂದೂ ಸರಾಸರಿ 35 ನಿಮಿಷ. ಹಣ ಕಟ್ಟಿ ಸೇರಿದವರು ಸುಮಾರು 300 ಮಂದಿ. ಸೈಟ್ ಇರುವುದು ವರ್ಡ್‌ಪ್ರೆಸ್‌ನಲ್ಲಿ, ಶೇರ್ಡ್ ಹೋಸ್ಟಿಂಗ್ ಮೇಲೆ. 1080ಪಿ ಎಂಪಿ4 ಫೈಲುಗಳನ್ನು ನೇರ ಅಪ್‌ಲೋಡ್ಸ್ ಫೋಲ್ಡರಿಗೆ ಹಾಕಿದ್ದೇವೆ. ಬಿಟ್‌ರೇಟ್ 8 ಎಂಬಿಪಿಎಸ್ ಆಸುಪಾಸು. ಪಾಠದ ಪುಟ ತೆರೆಯಲು ಲಾಗಿನ್ ಬೇಕು.

ತೊಂದರೆ ಎರಡು. ಸಂಜೆ ಒಟ್ಟಿಗೆ 20–25 ಮಂದಿ ನೋಡಲು ಕೂತರೆ ವಿಡಿಯೊ ನಿಂತು ನಿಂತು ಓಡುತ್ತದೆ, ಸೈಟೂ ತೆವಳುತ್ತದೆ. ಇನ್ನೊಂದು, 7ನೇ ಪಾಠದ ನೇರ ಲಿಂಕ್ ಯಾವುದೋ ಚಾಟ್ ಗುಂಪಿನಲ್ಲಿ ಓಡಾಡುತ್ತಿದೆ. ಅದು ಲಾಗಿನ್ ಇಲ್ಲದೆಯೇ ತೆರೆದುಕೊಳ್ಳುತ್ತದೆ.

ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಮಾಡಿ ಹಾಕಿದರೆ ಸಾಕೆ? ರೈಟ್ ಕ್ಲಿಕ್ ತಡೆಯುವ ಪ್ಲಗಿನ್‌ನಿಂದ ಉಪಯೋಗ ಇದೆಯೇ? ಡಿಆರ್‌ಎಂ (ನಕಲು ತಡೆಯುವ ಗೂಢಲಿಪಿ ವ್ಯವಸ್ಥೆ) ನಮ್ಮಂಥ ಚಿಕ್ಕವರಿಗೆ ಬೇಕೆ? ಪಿಎಚ್‌ಪಿ ಬಲ್ಲ ಡೆವಲಪರ್ ಒಬ್ಬರು ವಾರಕ್ಕೆ ಒಂದೆರಡು ದಿನ ಸಿಗುತ್ತಾರೆ.

ಕಡತಪಾಲ:

ಮೊದಲು ಲಿಂಕ್ ಸೋರಿದ್ದು ಯಾಕೆ ಅಂತ ನೋಡೋಣ, ಉಳಿದದ್ದೆಲ್ಲ ಅದರಿಂದಲೇ ತಿಳಿಯುತ್ತದೆ. ಲಾಗಿನ್ ಕಾಯುತ್ತಿರುವುದು ಪುಟವನ್ನು, ಫೈಲನ್ನಲ್ಲ. ಪಾಠದ ಪುಟ ಕೇಳಿದಾಗ ವರ್ಡ್‌ಪ್ರೆಸ್‌ನ ಪಿಎಚ್‌ಪಿ ಓಡಿ ಬಂದವರು ಯಾರು ಎಂದು ವಿಚಾರಿಸುತ್ತದೆ. ಎಂಪಿ4 ಕೇಳಿದಾಗ ಪಿಎಚ್‌ಪಿ ಓಡುವುದೇ ಇಲ್ಲ. ಫೋಲ್ಡರಿನಲ್ಲಿ ಫೈಲ್ ಕಂಡಿತು, ವೆಬ್ ಸರ್ವರ್ ಎತ್ತಿ ಕೊಟ್ಟಿತು, ಅಷ್ಟೆ. ಯಾವ ಪಾಠದ ಫೈಲ್ ವಿಳಾಸವನ್ನಾದರೂ ಪ್ರೈವೇಟ್ ವಿಂಡೋದಲ್ಲಿ ಅಂಟಿಸಿ ನೋಡಿ, 42ಕ್ಕೆ 42 ಹೀಗೇ ತೆರೆದುಕೊಳ್ಳುತ್ತವೆ. ರೈಟ್ ಕ್ಲಿಕ್ ಪ್ಲಗಿನ್ ಇದಕ್ಕೆ ಏನೂ ಮಾಡಲಾರದು. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಪಟ್ಟಿ ನೋಡಿದರೆ ವಿಳಾಸ ಅಲ್ಲೇ ಕೂತಿರುತ್ತದೆ.

ಇವತ್ತೇ ಮಾಡಬಹುದಾದ ತಾತ್ಕಾಲಿಕ ಕೆಲಸ: ಎಲ್ಲ ವಿಡಿಯೊಗಳನ್ನು ವೆಬ್ ರೂಟ್‌ನ (ಬ್ರೌಸರಿನಿಂದ ನೇರ ತಲುಪಬಹುದಾದ ಫೋಲ್ಡರಿನ) ಹೊರಗಿನ ಫೋಲ್ಡರಿಗೆ ಸಾಗಿಸಿ. ಒಂದು ಚಿಕ್ಕ ಪಿಎಚ್‌ಪಿ ಕಡತ ಲಾಗಿನ್ ಮತ್ತು ಖರೀದಿ ಎರಡನ್ನೂ ನೋಡಲಿ, ಸರಿಯಿದ್ದರೆ ಫೈಲ್ ಕೊಡುವ ಕೆಲಸವನ್ನು ವೆಬ್ ಸರ್ವರಿಗೇ ಒಪ್ಪಿಸಲಿ. ಎಂಜಿನ್‌ಎಕ್ಸ್ ಆದರೆ ಎಕ್ಸ್-ಆಕ್ಸೆಲ್-ರೀಡೈರೆಕ್ಟ್ ಹೆಡರ್, ಅಪಾಚೆ ಆದರೆ ಎಕ್ಸ್-ಸೆಂಡ್‌ಫೈಲ್ ಮಾಡ್ಯೂಲ್. ಶೇರ್ಡ್ ಹೋಸ್ಟಿಂಗ್‌ನಲ್ಲಿ ಇವೆರಡರಲ್ಲಿ ಯಾವುದನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಹೋಸ್ಟಿಂಗ್‌ನವರನ್ನೇ ಕೇಳಿ. ಪಿಎಚ್‌ಪಿಯಿಂದಲೇ ಫೈಲ್ ಓದಿ ಹರಿಸುವ ಗೋಜಿಗೆ ಮಾತ್ರ ಹೋಗಬೇಡಿ. ಒಬ್ಬರು ನೋಡುವಷ್ಟು ಹೊತ್ತೂ ಒಂದು ಪಿಎಚ್‌ಪಿ ಪ್ರೊಸೆಸ್ ಸಿಕ್ಕಿಕೊಂಡಿರುತ್ತದೆ. ಹತ್ತಿಪ್ಪತ್ತು ಮಂದಿ ಕೂತರೆ ಇಡೀ ಸೈಟ್ ನಿಲ್ಲುತ್ತದೆ. ಜೊತೆಗೆ ಫೈಲಿನ ಒಂದು ತುಂಡನ್ನಷ್ಟೇ ಕೇಳುವ ರೇಂಜ್ ಕೋರಿಕೆಗೆ 206 ಉತ್ತರ ಕೊಡುವ ಭಾಗವನ್ನು ಬರೆಯದಿದ್ದರೆ ವಿಡಿಯೊ ಮುಂದೋಡಿಸಲು ಆಗುವುದಿಲ್ಲ, ಸಫಾರಿಯಲ್ಲಂತೂ ಶುರುವೇ ಆಗುವುದಿಲ್ಲ.

ಇನ್ನು ಸಂಜೆಯ ತೊಂದರೆ. 8 ಎಂಬಿಪಿಎಸ್ ಫೈಲನ್ನು 25 ಮಂದಿ ನೋಡಿದರೆ ಸೆಕೆಂಡಿಗೆ 200 ಮೆಗಾಬಿಟ್ ಹೊರಹರಿವು ಬೇಕು. ನೂರಾರು ಸೈಟ್‌ಗಳು ಹಂಚಿಕೊಂಡ ಸರ್ವರ್ ಒಬ್ಬರಿಗೇ ಅಷ್ಟನ್ನು ಕೊಡುವುದಿಲ್ಲ. ವಿಡಿಯೊ ಅಲ್ಲಿಂದ ಹೊರಗೆ ಹೋಗಲೇಬೇಕು. ಲೆಕ್ಕ ಹೀಗೆ ಹಾಕಿ: 1 ಎಂಬಿಪಿಎಸ್ ಅಂದರೆ ಗಂಟೆಗೆ 0.45 ಜಿಬಿ. ನಿಮ್ಮ ಪಾಠಗಳು ಒಟ್ಟು 1,470 ನಿಮಿಷ, 24.5 ಗಂಟೆ. ಈಗಿನ ಫೈಲಿನಲ್ಲೇ ಒಬ್ಬರು ಎಲ್ಲವನ್ನೂ ಒಮ್ಮೆ ನೋಡಿದರೆ 88 ಜಿಬಿ. 300 ಮಂದಿಗೆ 26 ಟಿಬಿ ದಾಟುತ್ತದೆ. ಸರಾಸರಿ 2 ಎಂಬಿಪಿಎಸ್‌ಗೆ ಇಳಿಸಿದರೆ ತಲಾ 22 ಜಿಬಿ, ಒಟ್ಟು 6.6 ಟಿಬಿ. ಎಲ್ಲಿ ಇಡಬೇಕು ಎನ್ನುವುದಕ್ಕಿಂತ ಮೊದಲು ಈ ಅಂಕಿ ಕೈಯಲ್ಲಿರಬೇಕು. ಸೇವೆಗಳ ಬಿಲ್ ಏರುವುದು ಸಂಗ್ರಹದಿಂದಲ್ಲ, ಹೊರಗೆ ಹೋಗುವ ಡೇಟಾದಿಂದ.

ಫ್ರೇಮ್25:

ಕಡತಪಾಲರ ಲೆಕ್ಕಕ್ಕೆ ಎನ್‌ಕೋಡಿಂಗ್ ಕಡೆಯಿಂದ ಸೇರಿಸುತ್ತೇನೆ. ಹೊಲಿಗೆ ಪಾಠದಲ್ಲಿ ಕ್ಯಾಮೆರಾ ಟ್ರೈಪಾಡ್ ಮೇಲೆ ನಿಂತಿರುತ್ತದೆ, ಚಲಿಸುವುದು ಕೈ ಮತ್ತು ಬಟ್ಟೆ ಮಾತ್ರ. ಇಂಥ ದೃಶ್ಯ ಬಹಳ ಚೆನ್ನಾಗಿ ಕುಗ್ಗುತ್ತದೆ. ಆದರೆ ಹತ್ತಿರದ ಶಾಟ್‌ನಲ್ಲಿ ನೇಯ್ಗೆಯ ಎಳೆ, ಟಾಕದ ಸಾಲು ಕಾಣಬೇಕು. ಬಿಟ್‌ರೇಟ್ ಅತಿಯಾಗಿ ಇಳಿಸಿದರೆ ಮೊದಲು ಅಳಿಸಿಹೋಗುವುದು ಅದೇ. ಹಾಗಾಗಿ ಎಚ್.264ರಲ್ಲಿ ಸಿಆರ್‌ಎಫ್ (ಗುಣಮಟ್ಟದ ಅಳತೆ) 21 ಇಟ್ಟು ಬಿಟ್‌ರೇಟಿಗೆ ಮೇಲ್ಮಿತಿ ಹಾಕಿ: 1080ಪಿಗೆ 4 ಎಂಬಿಪಿಎಸ್, 720ಪಿಗೆ 2, 480ಪಿಗೆ 1, 360ಪಿಗೆ 0.6. ನಾಲ್ಕೂ ಸೇರಿದರೂ ಸಂಗ್ರಹಕ್ಕೆ ಬೇಕಾಗುವುದು ಹೆಚ್ಚೆಂದರೆ 84 ಜಿಬಿ ಆಸುಪಾಸು, ಅಂದರೆ ಈಗಿನ ನಿಮ್ಮ ಮೂಲ ಫೈಲುಗಳಷ್ಟೇ. ಧ್ವನಿಗೆ ಎಎಸಿ 96 ಕೆಬಿಪಿಎಸ್ ಧಾರಾಳ, ಮಾತು ಮಾತ್ರ ತಾನೆ.

ಇದನ್ನು ಎಚ್‌ಎಲ್‌ಎಸ್ ಆಗಿ ಕತ್ತರಿಸಿ. ಒಂದೇ ದೊಡ್ಡ ಎಂಪಿ4 ಬದಲು 6 ಸೆಕೆಂಡಿನ ಸೆಗ್ಮೆಂಟ್‌ಗಳು, ಅವುಗಳ ಪಟ್ಟಿಯಾಗಿ ಎಂ3ಯು8 ಪ್ಲೇಲಿಸ್ಟ್. ನೋಡುವವರ ನೆಟ್ ನಿಧಾನವಾದಾಗ ಪ್ಲೇಯರ್ ತಾನಾಗಿ ಕೆಳಗಿನ ಗುಣಮಟ್ಟಕ್ಕೆ ಇಳಿಯುತ್ತದೆ. ಇಲ್ಲಿ ತಪ್ಪುವುದು ಸಾಮಾನ್ಯವಾಗಿ ಕೀಫ್ರೇಮ್, ಅಂದರೆ ಬೇರೆ ಫ್ರೇಮಿನ ನೆರವಿಲ್ಲದೆ ತಾನೇ ಪೂರ್ಣವಾಗಿರುವ ಫ್ರೇಮ್. ನಾಲ್ಕೂ ಗುಣಮಟ್ಟದಲ್ಲಿ ಕೀಫ್ರೇಮ್ ಒಂದೇ ಕ್ಷಣಕ್ಕೆ ಬೀಳಬೇಕು, ಇಲ್ಲದಿದ್ದರೆ ಗುಣಮಟ್ಟ ಬದಲಾಗುವಾಗ ಚಿತ್ರ ಜಿಗಿಯುತ್ತದೆ, ಇಲ್ಲವೇ ಅರೆಕ್ಷಣ ಸಿಕ್ಕಿಕೊಳ್ಳುತ್ತದೆ. 25 ಫ್ರೇಮಿನ ವಿಡಿಯೊಗೆ ಪ್ರತಿ 50 ಫ್ರೇಮಿಗೊಂದು ಕೀಫ್ರೇಮ್, ಅಂದರೆ 2 ಸೆಕೆಂಡಿಗೊಮ್ಮೆ. ಎಫ್‌ಎಫ್‌ಎಂಪೆಗ್‌ನಲ್ಲಿ ದೃಶ್ಯ ಬದಲಾದಾಗ ತಾನೇ ಕೀಫ್ರೇಮ್ ಹಾಕುವ ಸೀನ್-ಕಟ್ ಮಿತಿಯನ್ನು 0 ಮಾಡಿ. ಫೋನಿನಲ್ಲಿ ಚಿತ್ರಿಸಿದ ಭಾಗಗಳಿದ್ದರೆ ಅವುಗಳ ಫ್ರೇಮ್‌ರೇಟ್ ಏರಿಳಿಯುತ್ತಿರುತ್ತದೆ. ಮೊದಲು ಅದನ್ನು ಸ್ಥಿರ 25ಕ್ಕೆ ತಂದು ಆಮೇಲೆ ಕತ್ತರಿಸಿ.

ಇನ್ನೊಂದು ಮಾತು: ಕ್ಯಾಮೆರಾ 10-ಬಿಟ್ ಅಥವಾ 4:2:2 ಬಣ್ಣದಲ್ಲಿ ಚಿತ್ರಿಸಿದ್ದರೆ ಎನ್‌ಕೋಡರ್ ಅದನ್ನು ಹಾಗೇ ಉಳಿಸಿಕೊಂಡುಬಿಡಬಹುದು. ಆಗ ಎಡಿಟ್ ಮಾಡಿದ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಹಲವರ ಬ್ರೌಸರಿನಲ್ಲಿ ಧ್ವನಿ ಮಾತ್ರ ಬಂದು ಪರದೆ ಕಪ್ಪಾಗಿರುತ್ತದೆ. ಪಿಕ್ಸೆಲ್ ಫಾರ್ಮ್ಯಾಟ್ 8-ಬಿಟ್ 4:2:0 ಎಂದು ಬಿಡಿಸಿ ಹೇಳಿ.

35 ನಿಮಿಷಕ್ಕೆ ಒಂದು ಗುಣಮಟ್ಟದಲ್ಲಿ 350 ಸೆಗ್ಮೆಂಟ್, ನಾಲ್ಕಕ್ಕೆ 1,400. ಇಡೀ ಕೋರ್ಸಿಗೆ 58,800 ಫೈಲ್. ವರ್ಡ್‌ಪ್ರೆಸ್ ಮೀಡಿಯಾ ಲೈಬ್ರರಿಯ ಹತ್ತಿರವೂ ಇದನ್ನು ತರಬೇಡಿ; ಆರ್‌ಕ್ಲೋನ್ ಥರದ ಉಪಕರಣದಿಂದ ನೇರ ಆಬ್ಜೆಕ್ಟ್ ಸ್ಟೋರೇಜಿಗೆ (ಫೈಲ್ ಇಡಲೆಂದೇ ಇರುವ ಕ್ಲೌಡ್ ಸಂಗ್ರಹಕ್ಕೆ) ಕಳಿಸಿ.

ಎಲ್ಲಿ ಇಡಬೇಕು ಅಂದರೆ ಮೂರು ದಾರಿ. ಯೂಟ್ಯೂಬ್ ಅನ್‌ಲಿಸ್ಟೆಡ್ ಅಂದರೆ ಹುಡುಕಾಟದಲ್ಲಿ ಸಿಗುವುದಿಲ್ಲ ಎಂದಷ್ಟೇ ಅರ್ಥ. ಲಿಂಕ್ ಇದ್ದವರೆಲ್ಲ ನೋಡಬಹುದು, ನಿಮ್ಮ ಸೈಟಿನಲ್ಲಿ ಮಾತ್ರ ಓಡಲಿ ಎಂದು ಕಟ್ಟುವ ಸೌಲಭ್ಯವಿಲ್ಲ. ವಿಡಿಯೊದ ಗುರುತು ಪುಟದ ಸೋರ್ಸ್‌ನಲ್ಲೇ ಇರುತ್ತದೆ. ಜಾಹೀರಾತಿಗೆ ಇಡುವ ಮಾದರಿ ಪಾಠಕ್ಕೆ ಸರಿ, ಮಾರುವ ಪಾಠಕ್ಕೆ ಬೇಡ. ಎರಡನೆಯದು ವಿಡಿಯೊಗೆಂದೇ ಇರುವ ಸೇವೆ. ವಿಮಿಯೊದಲ್ಲಿ ಯಾವ ಡೊಮೈನ್‌ನಲ್ಲಿ ಓಡಬೇಕೆಂದು ಕಟ್ಟಬಹುದು. ಕ್ಲೌಡ್‌ಫ್ಲೇರ್ ಸ್ಟ್ರೀಮ್, ಮಕ್ಸ್, ಬನ್ನಿ ಸ್ಟ್ರೀಮ್ ಇವುಗಳಲ್ಲಿ ಸಹಿ ಹಾಕಿದ ಟೋಕನ್ (ಅವಧಿ ಇರುವ ಅನುಮತಿ ಚೀಟಿ) ಸಿಗುತ್ತದೆ, ಎನ್‌ಕೋಡಿಂಗ್ ಅವರೇ ಮಾಡಿಕೊಡುತ್ತಾರೆ. ಕ್ಲೌಡ್‌ಫ್ಲೇರ್ ಸ್ಟ್ರೀಮ್ ಜಿಬಿ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಾಕುತ್ತದೆ: ನಿಮಗೆ ಸಂಗ್ರಹ 1,470 ನಿಮಿಷ, 300 ಮಂದಿ ಒಮ್ಮೆ ನೋಡಿ ಮುಗಿಸಿದರೆ 4,41,000 ನಿಮಿಷ. ಮೂರನೆಯದು ಸ್ವಂತ ಎನ್‌ಕೋಡಿಂಗ್ ಮಾಡಿ, ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿಟ್ಟು, ಮುಂದೆ ಸಿಡಿಎನ್ (ಫೈಲಿನ ಪ್ರತಿ ಇಟ್ಟುಕೊಂಡು ನೋಡುವವರಿಗೆ ಹತ್ತಿರದಿಂದ ಕೊಡುವ ಸರ್ವರ್ ಜಾಲ) ನಿಲ್ಲಿಸುವುದು. ಡೆವಲಪರ್ ವಾರಕ್ಕೆ ಎರಡೇ ದಿನ ಸಿಗುವುದಾದರೆ ನನ್ನ ಮತ ಎರಡನೆಯದಕ್ಕೆ.

ಸೂಜಿದಾರ:

ತುಂಬಾ ಉಪಕಾರವಾಯಿತು. ಡೆವಲಪರ್ ಮೂರನೆಯ ದಾರಿಯನ್ನೇ ಆರಿಸಿಕೊಂಡು ಪ್ರಯೋಗಕ್ಕೆ ಒಂದು ಪಾಠ ಹಾಕಿದ್ದಾರೆ: ಅಮೆಜಾನ್‌ನ ಎಸ್3 ಬಕೆಟ್ (ಸಂಗ್ರಹ), ಮುಂದೆ ಅವರದೇ ಸಿಡಿಎನ್ ಕ್ಲೌಡ್‌ಫ್ರಂಟ್. ಪ್ಲೇಲಿಸ್ಟಿಗೆ ಸಹಿ ಹಾಕಿದ ಲಿಂಕ್ ಕೊಟ್ಟರೆ ಅದು ತೆರೆಯುತ್ತದೆ, ಆದರೆ ಸೆಗ್ಮೆಂಟ್‌ಗಳೆಲ್ಲ 403, ಅಂದರೆ ಅನುಮತಿ ಇಲ್ಲ. ಸೆಗ್ಮೆಂಟ್ ತೆರೆದಿಟ್ಟು ನೋಡಿದರೆ ಲ್ಯಾಪ್‌ಟಾಪ್‌ನಲ್ಲಿ ಓಡಿತು. ಸೆಗ್ಮೆಂಟಿನ ಗೂಢಲಿಪಿ ಬಿಡಿಸುವ ಕೀಲಿಗೆ ಆಥರೈಸೇಷನ್ ಹೆಡರ್ ಇಟ್ಟಿದ್ದಾರೆ, ಐಫೋನಿನಲ್ಲಿ ಮಾತ್ರ ಓಡುವುದಿಲ್ಲ. ಇನ್ನೊಂದು ಪ್ರಯೋಗದಲ್ಲಿ ಸರಿಯಾಗಿ 15ನೇ ನಿಮಿಷಕ್ಕೆ ನಿಂತುಹೋಯಿತು. ಇದೆಲ್ಲ ಒಂದೇ ತಪ್ಪೇ, ಬೇರೆ ಬೇರೆಯೇ?

ಅಂಚೆ403:

ಮೂರೂ ಬೇರೆ ಬೇರೆ.

403 ಬರುವುದು ಯಾಕೆಂದರೆ, ಸಹಿ ಇರುವುದು ಪ್ಲೇಲಿಸ್ಟಿನ ವಿಳಾಸದ ಬಾಲದಲ್ಲಿ, ಪ್ರಶ್ನಾರ್ಥಕ ಚಿಹ್ನೆಯ ನಂತರ. ಪ್ಲೇಲಿಸ್ಟಿನೊಳಗೆ ಸೆಗ್ಮೆಂಟಿನ ಬರೀ ಹೆಸರಿದೆ. ಪ್ಲೇಯರ್ ಆ ಹೆಸರನ್ನು ಪ್ಲೇಲಿಸ್ಟಿನ ಫೋಲ್ಡರಿಗೆ ಸೇರಿಸಿ ವಿಳಾಸ ಕಟ್ಟುತ್ತದೆ. ಬಾಲ ಅಲ್ಲೇ ಉದುರಿಹೋಗುತ್ತದೆ. ಸಹಿ ಇಲ್ಲದ ಕೋರಿಕೆ ಸಿಡಿಎನ್‌ಗೆ ಹೋಗುತ್ತದೆ, ಅದು ಬಾಗಿಲು ಹಾಕುತ್ತದೆ. ಸೆಗ್ಮೆಂಟ್ ತೆರೆದಿಡುವುದು ಪರಿಹಾರವಲ್ಲ. ಅದನ್ನು ಈಗಲೇ ಮುಚ್ಚಿ: ಪ್ಲೇಲಿಸ್ಟ್ ಒಮ್ಮೆ ಇಳಿಸಿಕೊಂಡವರ ಬಳಿ ಎಲ್ಲ ಹೆಸರೂ ಇರುತ್ತದೆ.

ಸರಿಯಾದ ದಾರಿ ಸಹಿ ಹಾಕಿದ ಕುಕಿ. ಕ್ಲೌಡ್‌ಫ್ರಂಟ್‌ನಲ್ಲಿ ಮೂರು ಕುಕಿ ಕೊಡಬೇಕು: ಪಾಲಿಸಿ, ಸಿಗ್ನೇಚರ್, ಕೀ-ಪೇರ್-ಐಡಿ. ಕಸ್ಟಮ್ ಪಾಲಿಸಿಯನ್ನೇ ಬಳಸಿ, ಏಕೆಂದರೆ ಇಡೀ ಫೋಲ್ಡರಿಗೆ ನಕ್ಷತ್ರ ಚಿಹ್ನೆ ಹಾಕಿ ಒಂದೇ ಸಹಿ ಮಾಡಲು ಅದರಲ್ಲಿ ಮಾತ್ರ ಬರುತ್ತದೆ. ಇಡೀ ಕೋರ್ಸಿಗೆ ಒಂದೇ ಸಹಿ ಬೇಡ, ಒಂದು ಪಾಠದ ಫೋಲ್ಡರಿಗೆ ಒಂದು. ಸಿಡಿಎನ್ ನಿಮ್ಮದೇ ಡೊಮೈನಿನ ಸಬ್‌ಡೊಮೈನ್ ಮೇಲಿರಲಿ. ಕ್ಲೌಡ್‌ಫ್ರಂಟ್ ಕೊಟ್ಟ ಹೆಸರಿನಲ್ಲೇ ಬಿಟ್ಟರೆ ಆ ಹೆಸರಿಗೆ ಕುಕಿ ಇಡಲು ನಿಮ್ಮ ಸರ್ವರಿಗೆ ಅಧಿಕಾರವಿಲ್ಲ, ಹೇಗಾದರೂ ಇಟ್ಟರೂ ಅದು ಮೂರನೆಯವರ ಕುಕಿ. ಸಫಾರಿ 2020ರಿಂದ ಅಂಥವನ್ನು ಪೂರ್ತಿ ತಡೆಯುತ್ತದೆ. ಕುಕಿಯ ಡೊಮೈನ್ ನಿಮ್ಮ ಮುಖ್ಯ ಡೊಮೈನಿನ ಹೆಸರಿಗೆ ಇರಲಿ, ಸೆಕ್ಯೂರ್ ಮತ್ತು ಎಚ್‌ಟಿಟಿಪಿ-ಓನ್ಲಿ ಎರಡೂ ಹಾಕಿ.

ಕುಕಿ ಬಂದೊಡನೆ ಕಾರ್ಸ್ (ಒಂದು ಸೈಟಿನ ಪುಟ ಇನ್ನೊಂದು ವಿಳಾಸದಿಂದ ಡೇಟಾ ತರುವ ಬಗ್ಗೆ ಬ್ರೌಸರಿನ ನಿಯಮ) ತಕರಾರು ಶುರುವಾಗುತ್ತದೆ. ಬ್ರೌಸರಿನಲ್ಲಿ ಎಚ್‌ಎಲ್‌ಎಸ್ ಓಡಿಸುವ ಎಚ್‌ಎಲ್‌ಎಸ್ ಡಾಟ್ ಜೆಎಸ್ ಲೈಬ್ರರಿಯಲ್ಲಿ ಕೋರಿಕೆಯ ಜೊತೆ ಕ್ರೆಡೆನ್ಷಿಯಲ್ಸ್ ಕಳಿಸುವಂತೆ ಹೇಳಬೇಕು, ಸಿಡಿಎನ್ ಉತ್ತರದಲ್ಲಿ ಅನುಮತಿಸಿದ ಒರಿಜಿನ್ ನಿಮ್ಮ ಸೈಟಿನ ಪೂರ್ಣ ವಿಳಾಸವಾಗಿರಬೇಕು. ಅಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಬ್ರೌಸರ್ ಉತ್ತರವನ್ನು ಎಸೆಯುತ್ತದೆ. ನೆಟ್‌ವರ್ಕ್ ಪಟ್ಟಿಯಲ್ಲಿ 200 ಎಂದೇ ಕಾಣುವುದರಿಂದ ಇದನ್ನು ಹುಡುಕುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಕನ್ಸೋಲ್ ನೋಡಿ.

ಐಫೋನ್ ವಿಷಯ. ಎಚ್‌ಎಲ್‌ಎಸ್ ಡಾಟ್ ಜೆಎಸ್‌ಗೆ ಮೀಡಿಯಾ ಸೋರ್ಸ್ ಸೌಲಭ್ಯ ಬೇಕು; ಐಫೋನಿಗೆ ಅದರ ಒಂದು ರೂಪ ಬಂದದ್ದೇ ಐಒಎಸ್ 17.1ರಿಂದ. ಅದಕ್ಕಿಂತ ಹಳೆಯದರಲ್ಲಿ ಸಫಾರಿ ಎಚ್‌ಎಲ್‌ಎಸ್ ಅನ್ನು ತಾನೇ ಓಡಿಸುತ್ತದೆ, ಪ್ಲೇಲಿಸ್ಟ್, ಸೆಗ್ಮೆಂಟ್, ಕೀಲಿ ಎಲ್ಲವನ್ನೂ ತಾನೇ ತರುತ್ತದೆ. ಆ ಕೋರಿಕೆಗೆ ನಿಮ್ಮ ಜಾವಾಸ್ಕ್ರಿಪ್ಟ್ ಹೆಡರ್ ಅಂಟಿಸಲಾರದು. ಆದ್ದರಿಂದ ಕೀಲಿಯನ್ನೂ ಕುಕಿಯಿಂದಲೇ ಕಾಯಿರಿ, ಇಲ್ಲವೇ ಕೀಲಿಯ ವಿಳಾಸದಲ್ಲೇ ಚಿಕ್ಕ ಅವಧಿಯ ಟೋಕನ್ ಇಡಿ.

15ನೇ ನಿಮಿಷಕ್ಕೆ ನಿಂತದ್ದು ಟೋಕನ್ ಅವಧಿ. ಒಂದೇ ದೊಡ್ಡ ಎಂಪಿ4 ಆಗಿದ್ದರೆ ಶುರುವಾದ ಇಳಿಕೆ ನಡುವೆ ಕಡಿಯುತ್ತಿರಲಿಲ್ಲ. ಎಚ್‌ಎಲ್‌ಎಸ್‌ನಲ್ಲಿ ಪ್ರತಿ 6 ಸೆಕೆಂಡೂ ಹೊಸ ಕೋರಿಕೆ, ಪ್ರತಿ ಸಲವೂ ತಪಾಸಣೆ. ಕಲಿಯುವವರು ನಿಲ್ಲಿಸಿ ಹೊಲಿದು ಮತ್ತೆ ಮುಂದುವರಿಸುತ್ತಾರಲ್ಲ, 35 ನಿಮಿಷದ ಪಾಠ ಎರಡು ಗಂಟೆಗೆ ಎಳೆಯಬಹುದು. ಸೆಗ್ಮೆಂಟಿನ ಕುಕಿಗೆ 4 ಗಂಟೆ ಕೊಡಿ, ಪ್ಲೇಯರ್ ಓಡುತ್ತಿರುವಾಗ ಪ್ರತಿ ಗಂಟೆ ನಿಮ್ಮ ಸರ್ವರಿನಿಂದ ಹೊಸದು ತರಲಿ. ಸರ್ವರಿನ ಗಡಿಯಾರ ಎನ್‌ಟಿಪಿಯಿಂದ ಸರಿಯಿದೆಯೇ ನೋಡಿ. ಪಾಲಿಸಿಯಲ್ಲಿ ಶುರುವಿನ ಸಮಯವನ್ನೂ ಹಾಕಿದ್ದು ಗಡಿಯಾರ ಮುಂದಿದ್ದರೆ ಮೊದಲ ಕೋರಿಕೆಯೇ ತಿರಸ್ಕೃತ.

ಐಪಿ ವಿಳಾಸಕ್ಕೆ ಟೋಕನ್ ಕಟ್ಟುವ ಆಯ್ಕೆಯೂ ಕಾಣುತ್ತದೆ. ಅದನ್ನು ಮುಟ್ಟಬೇಡಿ ಎಂದೇ ಹೇಳುತ್ತೇನೆ. ಮೊಬೈಲಿನವರು ವೈಫೈನಿಂದ ಡೇಟಾಗೆ ಬದಲಾದ ಕ್ಷಣ ಐಪಿ ಬದಲಾಗುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು, ಪುಟ ಐಪಿವಿ6ರಲ್ಲಿ ಬಂದು ವಿಡಿಯೊ ಐಪಿವಿ4ರಲ್ಲಿ ಹೋಗುವುದು. ಹಣ ಕೊಟ್ಟವರು ಕೂತಲ್ಲೇ ಕೂತು 403 ನೋಡುತ್ತಾರೆ. ಕೋರಿಕೆ ಯಾವ ಪುಟದಿಂದ ಬಂತೆಂದು ನೋಡುವ ರೆಫರರ್ ತಪಾಸಣೆಯೂ ಅಷ್ಟೇ: ಬೇರೆಯವರು ತಮ್ಮ ಪುಟದಲ್ಲಿ ನಿಮ್ಮ ವಿಡಿಯೊ ಅಂಟಿಸುವುದನ್ನು ತಡೆಯುತ್ತದೆ, ಆದರೆ ಸುಳ್ಳು ರೆಫರರ್ ಕಳಿಸುವುದು ಒಂದು ಸಾಲಿನ ಕೆಲಸ.

ಬಕೆಟ್ ಪೂರ್ತಿ ಖಾಸಗಿಯಾಗಿರಲಿ, ಕ್ಲೌಡ್‌ಫ್ರಂಟ್ ಮಾತ್ರ ಓದುವಂತೆ ಒರಿಜಿನ್ ಆಕ್ಸೆಸ್ ಕಂಟ್ರೋಲ್ ಹಾಕಿ. ಸಿಡಿಎನ್‌ಗೆ ಬೀಗ ಹಾಕಿ ಎಸ್3 ವಿಳಾಸವನ್ನು ತೆರೆದಿಟ್ಟರೆ ಹಿತ್ತಲ ಬಾಗಿಲು ಹಾರುಹೊಡೆದಂತೆ.

ಬೀಗದಕೈ:

ಅಂಚೆ403 ಹೇಳಿದ್ದೆಲ್ಲ ಸರಿ, ಆದರೆ ಕುಕಿಯಿಂದ ನಿಲ್ಲುವುದು ಲಿಂಕ್ ಹಂಚಿಕೆ ಮಾತ್ರ. ಹಣ ಕೊಟ್ಟವರೇ ಡೌನ್‌ಲೋಡ್ ಮಾಡಿಕೊಳ್ಳುವುದು ನಿಲ್ಲುವುದಿಲ್ಲ. ಲಾಗಿನ್ ಆದ ಬ್ರೌಸರಿನ ಕುಕಿಯನ್ನೇ ವೈಟಿ-ಡಿಎಲ್‌ಪಿ ಥರದ ಉಪಕರಣಕ್ಕೆ ಕೊಟ್ಟರೆ ಅದು ಎಲ್ಲ ಸೆಗ್ಮೆಂಟ್ ಇಳಿಸಿ ಒಂದೇ ಫೈಲ್ ಮಾಡಿಕೊಡುತ್ತದೆ. ಸೆಗ್ಮೆಂಟಿಗೆ ಎಇಎಸ್-128 ಗೂಢಲಿಪಿ ಹಾಕಿದ್ದರೂ ಅಷ್ಟೇ. ಪ್ಲೇಯರಿಗೆ ಕೀಲಿ ಸಿಗುವುದಾದರೆ ಉಪಕರಣಕ್ಕೂ ಸಿಗುತ್ತದೆ. ಇದನ್ನು ತಡೆಯಲೇಬೇಕು ಅಂದರೆ ಡಿಆರ್‌ಎಂ ಬೇಕು, ಅದರಲ್ಲಿ ಕೀಲಿ ಬ್ರೌಸರಿನ ಮುಚ್ಚಿದ ಭಾಗದೊಳಗೆ ಹೋಗುತ್ತದೆ, ಪುಟದ ಕೈಗೆ ಬರುವುದಿಲ್ಲ.

ಡಿಆರ್‌ಎಂ ಒಂದಲ್ಲ, ಮೂರು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗೆ ಗೂಗಲ್‌ನ ವೈಡ್‌ವೈನ್, ಸಫಾರಿ ಮತ್ತು ಐಫೋನಿಗೆ ಆಪಲ್‌ನ ಫೇರ್‌ಪ್ಲೇ, ಮೈಕ್ರೋಸಾಫ್ಟ್‌ನದು ಪ್ಲೇರೆಡಿ. ಬ್ರೌಸರ್ ಇವುಗಳೊಡನೆ ಮಾತಾಡುವ ಇಎಂಇ ಎಂಬ ವ್ಯವಸ್ಥೆಗೆ ಡಬ್ಲ್ಯು3ಸಿ 2017ರಲ್ಲಿ ಮಾನ್ಯತೆ ಕೊಟ್ಟಿತು. ನಿಮಗೆ ವೈಡ್‌ವೈನ್ ಮತ್ತು ಫೇರ್‌ಪ್ಲೇ ಎರಡು ಸಾಕು. ಗೂಢಲಿಪಿ ವಿಧಾನ ಸಿಬಿಸಿಎಸ್ ಆಗಿರಲಿ, ಫೇರ್‌ಪ್ಲೇ ಒಪ್ಪುವುದು ಅದನ್ನೇ. ಈಚಿನ ವೈಡ್‌ವೈನ್ ಕೂಡ ಒಪ್ಪುವುದರಿಂದ ಒಂದೇ ಸೆಟ್ ಸೆಗ್ಮೆಂಟ್ ಎರಡಕ್ಕೂ ಆಗುತ್ತದೆ. ಫೇರ್‌ಪ್ಲೇ ಸರ್ಟಿಫಿಕೇಟಿಗೆ ಆಪಲ್ ಡೆವಲಪರ್ ಸದಸ್ಯತ್ವ ಬೇಕು, ಅರ್ಜಿ ಹಾಕಿ ಕಾಯಬೇಕು. ಅದನ್ನು ಮೊದಲೇ ಶುರುಮಾಡಿ. ಲೈಸೆನ್ಸ್ ಸರ್ವರನ್ನು ಸ್ವಂತ ಕಟ್ಟಬೇಡಿ, ಮಲ್ಟಿ-ಡಿಆರ್‌ಎಂ ಸೇವೆ ಕೊಡುವವರಿಂದ ಕೊಳ್ಳಿ.

ಕಡತಪಾಲ:

ಬೀಗದಕೈ ಅವರೇ, ತಾಂತ್ರಿಕವಾಗಿ ನೀವು ಹೇಳಿದ್ದು ನಿಜ. ಆದರೆ 300 ಮಂದಿಯ ವ್ಯವಹಾರಕ್ಕೆ ಇದು ಮೊದಲ ಹೆಜ್ಜೆ ಅಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಿಆರ್‌ಎಂ ಹಾಕಿದ ಮೇಲೂ ಸ್ಕ್ರೀನ್ ರೆಕಾರ್ಡಿಂಗ್ ಪೂರ್ತಿ ನಿಲ್ಲುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ವೈಡ್‌ವೈನ್ ಎಲ್1 (ಹಾರ್ಡ್‌ವೇರ್ ಮಟ್ಟದ ರಕ್ಷಣೆ) ಇರುವ ಫೋನು, ಆಪಲ್ ಸಾಧನಗಳು ಇವುಗಳಲ್ಲಿ ರೆಕಾರ್ಡ್ ಮಾಡಿದರೆ ಕಪ್ಪು ಪರದೆ ಬರುತ್ತದೆ, ಸರಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಸಾಮಾನ್ಯವಾಗಿ ಇರುವುದು ಎಲ್3, ಅಂದರೆ ಬರೀ ಸಾಫ್ಟ್‌ವೇರ್ ಮಟ್ಟದ್ದು; ಅಲ್ಲಿ ರೆಕಾರ್ಡರ್ ಚಿತ್ರ ಹಿಡಿದುಬಿಡುತ್ತದೆ. ಇನ್ನೊಂದು ಫೋನನ್ನು ಪರದೆಯ ಎದುರು ಹಿಡಿದರೆ ಯಾವ ಡಿಆರ್‌ಎಂ ಏನು ಮಾಡೀತು? ಇಂಥ ಚಿಕ್ಕ ಕೋರ್ಸುಗಳು ಸೋರುವುದು ಹೆಚ್ಚಾಗಿ ಎರಡು ಕಡೆ: ತೆರೆದಿಟ್ಟ ಲಿಂಕ್, ಹಂಚಿಕೊಂಡ ಪಾಸ್‌ವರ್ಡ್. ಮೊದಲನೆಯದಕ್ಕೆ ಕುಕಿ ಆಯಿತು. ಎರಡನೆಯದಕ್ಕೆ ಬೀಗ ಹಾಕಬೇಕಾದದ್ದು ಖಾತೆಗೆ.

ಪ್ಲೇಯರ್ ಓಡುತ್ತಿರುವಾಗ ಪ್ರತಿ 30 ಸೆಕೆಂಡಿಗೆ ಸರ್ವರಿಗೆ ಒಂದು ಸುಳಿವು ಕಳಿಸಲಿ. 90 ಸೆಕೆಂಡ್ ಸದ್ದಿಲ್ಲದಿದ್ದರೆ ಆ ಸೆಷನ್ ಮುಗಿದಂತೆ. ಒಂದು ಖಾತೆಗೆ ಏಕಕಾಲಕ್ಕೆ ಒಂದೇ ವೀಕ್ಷಣೆ, ನೋಂದಾಯಿಸಿದ ಸಾಧನ ಎರಡು ಅಥವಾ ಮೂರು. ಎರಡನೆಯವರು ಬಂದಾಗ ಹೊಸಬರನ್ನು ತಡೆಯಬೇಡಿ, ಹಳೆಯದನ್ನು ನಿಲ್ಲಿಸಿ. ಬ್ಯಾಟರಿ ಮುಗಿದು ಫೋನ್ ಆಫ್ ಆದವರು ಲ್ಯಾಪ್‌ಟಾಪ್ ತೆರೆದರೆ ಹಳೆಯ ಸೆಷನ್ ಅವರನ್ನೇ ಹೊರಗೆ ನಿಲ್ಲಿಸಬಾರದಲ್ಲ. ಹಾಗೆ ನಿಲ್ಲಿಸಿದ ಹಳೆಯ ಸೆಷನ್‌ಗೆ ಹೊಸ ಕುಕಿ ಕೊಡಬೇಡಿ, ಅಷ್ಟು ಸಾಕು. ತಪಾಸಣೆ ಜಾವಾಸ್ಕ್ರಿಪ್ಟ್‌ನಲ್ಲಲ್ಲ, ಸರ್ವರಿನಲ್ಲಿ ನಡೆಯಬೇಕು. ಕುಕಿಗೆ 4 ಗಂಟೆ ಕೊಟ್ಟಿರುವುದರಿಂದ ನಿಲ್ಲಿಸಿದವರಿಗೆ ಅಷ್ಟು ಹೊತ್ತು ಸೆಗ್ಮೆಂಟ್ ಸಿಗುತ್ತಲೇ ಇರುತ್ತದೆ ಎನ್ನುವುದು ನೆನಪಿರಲಿ. ಹಂಚಿಕೆ ಜಾಸ್ತಿ ಕಂಡರೆ ಅವಧಿಯನ್ನು 30 ನಿಮಿಷಕ್ಕಿಳಿಸಿ ನವೀಕರಣವನ್ನು 10 ನಿಮಿಷಕ್ಕೊಮ್ಮೆ ಮಾಡಿ.

ರೆಕಾರ್ಡಿಂಗ್‌ಗೆ ವಾಟರ್‌ಮಾರ್ಕ್. ನೋಡುತ್ತಿರುವವರ ಆರ್ಡರ್ ಸಂಖ್ಯೆ ಪರದೆ ಮೇಲೆ ಮಸುಕಾಗಿ, ಶೇ 20ರಷ್ಟು ಗಾಢತೆಯಲ್ಲಿ, 40 ಸೆಕೆಂಡಿಗೊಮ್ಮೆ ಜಾಗ ಬದಲಿಸುತ್ತಿರಲಿ. ಸೂಜಿಯ ತುದಿ ಇರುವ ನಡುಭಾಗವನ್ನು ಬಿಟ್ಟು ಅಂಚಿನ ಕಡೆ ಸುತ್ತಲಿ, ಕಲಿಯುವವರ ಕಣ್ಣಿಗೆ ಅಡ್ಡ ಬರಬಾರದು. ಪೂರ್ತಿ ಫೋನ್ ನಂಬರ್, ಇಮೇಲ್ ಹಾಕಬೇಡಿ. ವಿಡಿಯೊ ಸೋರಿದ ದಿನ ನಿಮ್ಮ ಗ್ರಾಹಕರ ಖಾಸಗಿ ವಿವರವೂ ಅದರ ಜೊತೆ ಊರೆಲ್ಲ ಸುತ್ತುತ್ತದೆ.

ಫ್ರೇಮ್25:

ವಾಟರ್‌ಮಾರ್ಕ್‌ನಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ, ಫುಲ್‌ಸ್ಕ್ರೀನ್. ಸಂಖ್ಯೆ ಬರೆಯುವ ಪದರ ವಿಡಿಯೊ ಅಂಶದ ಮೇಲೆ ತೇಲುವ ಬೇರೆ ಅಂಶ. ಫುಲ್‌ಸ್ಕ್ರೀನ್ ಕೋರಿಕೆಯನ್ನು ವಿಡಿಯೊ ಅಂಶಕ್ಕೇ ಕೊಟ್ಟರೆ ವಿಡಿಯೊ ಮಾತ್ರ ದೊಡ್ಡದಾಗಿ ಪದರ ಹಿಂದೆ ಉಳಿಯುತ್ತದೆ. ಎರಡನ್ನೂ ಸುತ್ತಿದ ಹೊರಗಿನ ಡಿವ್‌ಗೆ ಕೋರಿಕೆ ಕೊಡಿ, ಬ್ರೌಸರಿನ ಸ್ವಂತ ಕಂಟ್ರೋಲ್‌ಗಳನ್ನು ಮರೆಮಾಡಿ ನಿಮ್ಮ ಬಟನ್ ಇಡಿ. ಐಫೋನಿನಲ್ಲಿ ಡಿವ್‌ಗೆ ಫುಲ್‌ಸ್ಕ್ರೀನ್ ಇಲ್ಲ. ಅಲ್ಲಿ ಪ್ಲೇಸ್-ಇನ್‌ಲೈನ್ ಗುಣ ಹಾಕಿ, ಸಿಎಸ್‌ಎಸ್‌ನಿಂದ ಪ್ಲೇಯರ್ ಇಡೀ ಕಿಟಕಿ ತುಂಬುವಂತೆ ಮಾಡಿ.

ಡೆವಲಪರ್ ಟೂಲ್ಸ್‌ನಿಂದ ಆ ಪದರವನ್ನು ಅಳಿಸಬಹುದು. ಪುಟದ ಬದಲಾವಣೆಗಳನ್ನು ಗಮನಿಸುವ ಮ್ಯುಟೇಷನ್ ಅಬ್ಸರ್ವರ್ ಇಟ್ಟು, ಅಳಿಸಿದೊಡನೆ ವಿಡಿಯೊ ನಿಲ್ಲುವಂತೆ ಮಾಡಿದರೆ ಸಾಮಾನ್ಯ ಬಳಕೆದಾರರಿಗೆ ಸಾಕಾಗುತ್ತದೆ. ಚಿತ್ರದೊಳಗೇ ಬೆಸೆದ ಗುರುತು ಬೇಕೆಂದರೆ ಪ್ರತಿ ಸೆಗ್ಮೆಂಟನ್ನು ಎರಡು ರೂಪದಲ್ಲಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಸರಣಿಯಲ್ಲಿ ಕೊಡುವ ವಿಧಾನ ಇದೆ. ಸಂಗ್ರಹ ದುಪ್ಪಟ್ಟು, ಪ್ಲೇಲಿಸ್ಟ್ ಪ್ರತಿಯೊಬ್ಬರಿಗೂ ಬೇರೆ. ಈಗ ನಿಮಗೆ ಬೇಡ.

ಎಇಎಸ್-128 ಹಾಕುವವರಿಗೆ ಇನ್ನೊಂದು ಸೂಚನೆ. ಕೀಲಿಯ ಫೈಲ್ ಸರಿಯಾಗಿ 16 ಬೈಟ್ ಇರಬೇಕು. ಹೆಕ್ಸ್ ಅಕ್ಷರಗಳಾಗಿ ಉಳಿಸಿದರೆ 32, ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಉಳಿಸಿದರೆ ಕೊನೆಯಲ್ಲಿ ಸಾಲುಮುರಿ ಸೇರಿ 17. ಎರಡರಲ್ಲೂ ವಿಡಿಯೊ ಏಳುವುದಿಲ್ಲ, ದೋಷದ ಸಂದೇಶ ನೋಡಿದರೆ ಕೀಲಿಯೇ ಕಾರಣ ಎಂದು ಹೊಳೆಯುವುದೂ ಇಲ್ಲ. ಕೀಲಿ ಕೊಡುವ ಉತ್ತರಕ್ಕೆ ನೋ-ಸ್ಟೋರ್ (ಎಲ್ಲೂ ಪ್ರತಿ ಇಡಬೇಡಿ ಎಂಬ ಸೂಚನೆ) ಹಾಕಿ. ಸಿಡಿಎನ್ ಅದನ್ನು ಕ್ಯಾಶ್ ಮಾಡಿತೆಂದರೆ ಲಾಗಿನ್ ತಪಾಸಣೆ ಇಲ್ಲದೆಯೇ ಮುಂದಿನವರಿಗೆ ಕೊಟ್ಟುಬಿಡುತ್ತದೆ.

ಸೂಜಿದಾರ:

ಕುಕಿ ವಿಧಾನ ಓಡಿತು, ಐಫೋನಿನಲ್ಲೂ ಬಂತು. ಕೊನೆಯದಾಗಿ ಮೂರು ಪ್ರಶ್ನೆ. ಬಿಲ್ ಕೈಮೀರದಂತೆ ಏನು ಮಾಡಬೇಕು? ಈಗಾಗಲೇ ಬೇರೆ ಕಡೆ ಏರಿಸಿದ ಪ್ರತಿಗಳನ್ನು ತೆಗೆಸುವುದು ಹೇಗೆ? ಪ್ರಯೋಗಕ್ಕೆಂದು ತೆರೆದಿಟ್ಟಿದ್ದ ಸೆಗ್ಮೆಂಟ್‌ಗಳನ್ನು ಬಕೆಟ್‌ನಿಂದ ಅಳಿಸಿದ್ದೇವೆ, ಆದರೂ ಅವುಗಳ ಹಳೆಯ ವಿಳಾಸ ಇನ್ನೂ ತೆರೆಯುತ್ತಿದೆಯಲ್ಲ?

ಅಂಚೆ403:

ಬಿಲ್: ಸಿಡಿಎನ್ ತನ್ನ ಬಳಿಯ ಪ್ರತಿಯನ್ನು ಗುರುತಿಸುವ ಕ್ಯಾಶ್ ಕೀಲಿಯಲ್ಲಿ ಕುಕಿಯಾಗಲಿ ಟೋಕನ್ ಆಗಲಿ ಸೇರಿದೆಯೇ ನೋಡಿ. ಸೇರಿದ್ದರೆ ಒಂದೇ ಸೆಗ್ಮೆಂಟ್ 300 ಮಂದಿಗೆ 300 ಬೇರೆ ಫೈಲ್ ಎಂದು ಸಿಡಿಎನ್ ತಿಳಿಯುತ್ತದೆ, ಪ್ರತಿ ಸಲವೂ ಬಕೆಟ್‌ವರೆಗೆ ಓಡುತ್ತದೆ. ನೋಡುವವರಿಗೂ ನಿಧಾನ. ಎಸ್3ಯಿಂದ ಕ್ಲೌಡ್‌ಫ್ರಂಟ್‌ಗೆ ಹೋಗುವ ಡೇಟಾಗೆ ಶುಲ್ಕವಿಲ್ಲ, ಆದರೆ ಕೋರಿಕೆಗಳಿಗೆ ಇದೆ. ಸೆಗ್ಮೆಂಟ್ ಹೆಸರು ಬದಲಾಗುವುದಿಲ್ಲವಾದ್ದರಿಂದ ಕ್ಯಾಶ್ ಅವಧಿ ಒಂದು ವರ್ಷ ಇಡಿ. ಬಜೆಟ್ ಎಚ್ಚರಿಕೆಯನ್ನು ಶೇ 50 ಮತ್ತು ಶೇ 80ಕ್ಕೆ ಹಾಕಿ. ಆದರೆ ಅದು ಇಮೇಲ್ ಕಳಿಸುತ್ತದೆಯೇ ಹೊರತು ಹರಿವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಕೆಲಸಕ್ಕೆ, ಒಂದು ಖಾತೆ ದಿನಕ್ಕೆ 10 ಗಂಟೆಗಿಂತ ಹೆಚ್ಚು ವಿಡಿಯೊ ಕೇಳಿದರೆ ಹೊಸ ಕುಕಿ ಕೊಡದಂತೆ ನಿಮ್ಮ ಸರ್ವರಿನಲ್ಲೇ ಮಿತಿ ಹಾಕಿ. ಉಪಕರಣದಿಂದ ಇಡೀ ಕೋರ್ಸ್ ಎಳೆಯುವವರು ಸಿಗುವುದೂ ಇಲ್ಲೇ: 35 ನಿಮಿಷದ ಪಾಠ 2 ನಿಮಿಷದಲ್ಲಿ ಮುಗಿದಿರುತ್ತದೆ, ಲಾಗ್‌ನಲ್ಲಿ ಎದ್ದು ಕಾಣುತ್ತದೆ. ಹೊರಹರಿವಿಗೆ ಶುಲ್ಕವಿಲ್ಲದ ಕ್ಲೌಡ್‌ಫ್ಲೇರ್‌ನ ಆರ್2 ಥರದ ಸಂಗ್ರಹವನ್ನೂ ಮುಂದೆ ಪರಿಶೀಲಿಸಿ, ಆದರೆ ಅಲ್ಲಿ ಸಹಿಯ ತಪಾಸಣೆಯನ್ನು ಬೇರೆ ರೀತಿ ಬರೆಯಬೇಕಾಗುತ್ತದೆ.

ತೆಗೆಸುವುದು: ಮೊದಲು ಪುರಾವೆ ಎತ್ತಿಟ್ಟುಕೊಳ್ಳಿ, ಪೂರ್ಣ ವಿಳಾಸ, ದಿನಾಂಕ, ಸ್ಕ್ರೀನ್‌ಶಾಟ್. ಏರಿಸಿದವರ ಜೊತೆ ವಾದಕ್ಕೆ ಇಳಿಯಬೇಡಿ, ಅದು ಇರುವ ವೇದಿಕೆಗೇ ಕಾಪಿರೈಟ್ ನೋಟಿಸ್ ಕಳಿಸಿ. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯ ನಮೂನೆಯನ್ನೇ ದೊಡ್ಡ ವೇದಿಕೆಗಳೆಲ್ಲ ಬಳಸುತ್ತವೆ: ನಿಮ್ಮ ಮೂಲ ಕೃತಿ ಯಾವುದು, ನಕಲು ಇರುವ ಒಂದೊಂದು ವಿಳಾಸ, ಸದ್ಭಾವನೆಯ ಹೇಳಿಕೆ, ಮಾಹಿತಿ ನಿಜವೆಂಬ ಹೇಳಿಕೆ, ಸಂಪರ್ಕ ವಿವರ, ಸಹಿ. ಚಾನೆಲ್ಲಿನ ಹೆಸರು ಮಾತ್ರ ಬರೆದರೆ ಸಾಲದು, ಪ್ರತಿ ವಿಡಿಯೊದ ವಿಳಾಸ ಬೇಕು. ಗೂಗಲ್ ಹುಡುಕಾಟದಿಂದ ತೆಗೆಸಲು ಪ್ರತ್ಯೇಕ ಅರ್ಜಿ ಇದೆ, ಅದನ್ನೂ ಹಾಕಿ. ಎಡಿಟಿಂಗ್ ಪ್ರಾಜೆಕ್ಟ್ ಫೈಲ್, ಮೂಲ ಕ್ಯಾಮೆರಾ ಫೈಲ್ ನಿಮ್ಮ ಬಳಿ ಇದ್ದರೆ ಒಡೆತನದ ಪ್ರಶ್ನೆ ಬಂದಾಗ ಅದೇ ಬಲ. ಅವುಗಳ ಎರಡು ಪ್ರತಿ ಇರಲಿ, ಒಂದು ಈ ಸಿಡಿಎನ್ ಖಾತೆಗೆ ಸಂಬಂಧವೇ ಇಲ್ಲದ ಕಡೆ.

ಹಳೆಯ ವಿಳಾಸ ಇನ್ನೂ ತೆರೆಯುತ್ತಿರುವುದು ಸಿಡಿಎನ್ ಕ್ಯಾಶ್‌ನಿಂದ, ಜೊತೆಗೆ ಸಹಿ ಕಡ್ಡಾಯ ಮಾಡಿದ ನಿಯಮ ಆ ಫೋಲ್ಡರಿಗೆ ಅನ್ವಯವಾಗಿಲ್ಲ ಎಂದೂ ಇದು ಹೇಳುತ್ತದೆ. ಆ ಹಾದಿಗೂ ಸಹಿ ಕಡ್ಡಾಯ ಮಾಡಿ, ಆಮೇಲೆ ಇನ್‌ವ್ಯಾಲಿಡೇಷನ್ (ಕ್ಯಾಶ್‌ನ ಹಳೆಯ ಪ್ರತಿ ಬಿಡುವಂತೆ ಆದೇಶ) ಕೊಡಿ, ಫೋಲ್ಡರಿಗೆ ನಕ್ಷತ್ರ ಚಿಹ್ನೆ ಹಾಕಿ ಒಂದೇ ಸಲ. ಮುಗಿದ ಮೇಲೆ ಪ್ರೈವೇಟ್ ವಿಂಡೋದಲ್ಲಿ ನಾಲ್ಕು ವಿಳಾಸ ಪರೀಕ್ಷಿಸಿ: ಮಾಸ್ಟರ್ ಪ್ಲೇಲಿಸ್ಟ್, ಯಾವುದಾದರೊಂದು ಸೆಗ್ಮೆಂಟ್, ಕೀಲಿ, ಬಕೆಟ್ಟಿನ ನೇರ ವಿಳಾಸ. ಕೀಲಿ ನಿಮ್ಮ ಪಿಎಚ್‌ಪಿಯಿಂದ ಬರುವುದಾದರೆ 401 ಬಂದರೂ ಸರಿ, ಉಳಿದ ಮೂರಕ್ಕೂ 403 ಬರಬೇಕು. ನಂತರ ಒಂದು ಖಾತೆಯಲ್ಲಿ ಲಾಗಿನ್ ಆಗಿ, ಆ ಖಾತೆ ಕೊಳ್ಳದ ಪಾಠದ ಸೆಗ್ಮೆಂಟ್ ಕೇಳಿ ನೋಡಿ. ಅಲ್ಲೂ 403 ಬಂದರೆ ಉಳಿದ 41 ಪಾಠಗಳನ್ನು ಏರಿಸಬಹುದು.